ಮನೆಯ ಕಂಪ್ಯೂಟರ್ ಹೊರಗಿನಿಂದ ತೆರೆಯುವುದು: ಯಾವ ದಾರಿ ಯಾರಿಗೆ ಹೊಂದುತ್ತದೆ

ಗದಗದಲ್ಲಿ ಮುದ್ರಣದ ಕೆಲಸ ಮಾಡುವವರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದ್ದೇ ಇರುತ್ತದೆ. ಅದರೊಳಗೆ ವರ್ಷಗಟ್ಟಲೆ ಮಾಡಿದ ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ಕಿನ ಡಿಸೈನ್. ಎಲ್ಲವೂ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ. ಆ ಫೈಲನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಕ್ಷರ ಇರಬೇಕಾದಲ್ಲಿ ಏನೇನೋ ಚಿಹ್ನೆ ಕಾಣುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಲೆಕ್ಕವೆಲ್ಲ ಮನೆಯ ಟ್ಯಾಲಿಯಲ್ಲಿರುತ್ತದೆ. ಅವರು ಮಾತ್ರ ದಿನವಿಡೀ ಮಾರುಕಟ್ಟೆಯಲ್ಲಿರುತ್ತಾರೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಆಫೀಸು ಇರುವವರಿಗೆ ಬೇಕಾದ ಫೈಲ್ ಯಾವಾಗಲೂ ಆ ಕಡೆಯೇ ಉಳಿದಿರುತ್ತದೆ. ಬೆಂಗಳೂರಿನಲ್ಲಿರುವ ಮಗಳಿಗೆ ಹಾವೇರಿಯಲ್ಲಿರುವ ಅಪ್ಪನ ಕಂಪ್ಯೂಟರಿನ ಪ್ರಿಂಟರ್ ಸರಿಮಾಡುವ ಕೆಲಸ.

ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಆ್ಯಪ್ ಹಾಕ್ಕೊಳ್ಳಲಿ?"

ಆ್ಯಪ್ ವಿಷಯಕ್ಕೆ ಆಮೇಲೆ ಬರೋಣ. ನಮ್ಮ ಕಡೆ ಈ ವ್ಯವಸ್ಥೆ ಕೈಕೊಡುವುದು ಹೆಚ್ಚಾಗಿ ಆ್ಯಪ್‌ನಿಂದಲ್ಲ. ಕರೆಂಟಿನಿಂದ, ಇಲ್ಲವೇ ನೆಟ್‌ನಿಂದ. ಇವೆರಡನ್ನು ಸರಿಮಾಡಿಕೊಂಡವರಿಗೆ ಪುಕ್ಕಟೆ ಆ್ಯಪ್ ಕೂಡ ಚೆನ್ನಾಗಿ ನಡೆಯುತ್ತದೆ. ಮಾಡಿಕೊಳ್ಳದವರಿಗೆ ದುಡ್ಡು ಕೊಟ್ಟದ್ದೂ ನಡೆಯುವುದಿಲ್ಲ.

ಪೂರ್ತಿ ಕಂಪ್ಯೂಟರ್ ಬೇಕಾ, ಫೈಲ್ ಸಾಕಾ?

ಮೊದಲು ಇದನ್ನು ಕೇಳಿಕೊಳ್ಳಿ. ಬರೀ ಪಿಡಿಎಫ್, ಫೋಟೋ, ಎಕ್ಸೆಲ್ ಶೀಟ್ ಬೇಕಾಗಿದ್ದರೆ ಮನೆಯ ಕಂಪ್ಯೂಟರನ್ನು ದೂರದಿಂದ ತೆರೆಯುವ ಗೊಡವೆಯೇ ಬೇಡ. ಗೂಗಲ್ ಖಾತೆಯ ಜೊತೆ 15 ಜಿಬಿ ಜಾಗ ಪುಕ್ಕಟೆ ಬರುತ್ತದೆ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ 5 ಜಿಬಿ. ಕೆಲಸದ ಫೋಲ್ಡರನ್ನು ಅಲ್ಲಿಗೆ ಜೋಡಿಸಿಟ್ಟರೆ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೈಲ್ ಸಿಗುತ್ತದೆ. ಬೇರೆಯವರ ಸರ್ವರಿನಲ್ಲಿ ಲೆಕ್ಕಪತ್ರ ಇಡಲು ಮನಸ್ಸಿಲ್ಲದವರು ಸಿಂಕ್‌ಥಿಂಗ್ ನೋಡಬಹುದು. ಅದು ನಿಮ್ಮ ಎರಡು ಕಂಪ್ಯೂಟರುಗಳ ನಡುವೆ ನೇರವಾಗಿ ಫೋಲ್ಡರ್ ಹೊಂದಿಸುತ್ತದೆ, ಪುಕ್ಕಟೆಯೂ ಹೌದು. ಆದರೆ ಎರಡೂ ಯಂತ್ರ ಒಂದೇ ಹೊತ್ತಿಗೆ ಚಾಲೂ ಇದ್ದಾಗಲೇ ಫೈಲ್ ದಾಟುತ್ತದೆ.

ಟ್ಯಾಲಿ, ಹಳೆಯ ಫಾಂಟಿನ ಡಿಟಿಪಿ, ಡಿಜಿಟಲ್ ಸಹಿಯ ಟೋಕನ್, ಆ ಒಂದೇ ಕಂಪ್ಯೂಟರಿನಲ್ಲಿ ಲೈಸೆನ್ಸ್ ಇರುವ ಸಾಫ್ಟ್‌ವೇರ್: ಇಂಥದ್ದಿದ್ದರೆ ಮಾತ್ರ ಪೂರ್ತಿ ಪರದೆ ಬೇಕು. ಮುಂದಿನದೆಲ್ಲ ಅಂಥವರಿಗೆ.

ಮೊದಲು ಕರೆಂಟ್

ಬೆಳಿಗ್ಗೆ ಕಂಪ್ಯೂಟರ್ ಚಾಲೂ ಇಟ್ಟು ಮನೆಯಿಂದ ಹೊರಡುತ್ತೀರಿ. ಹನ್ನೊಂದಕ್ಕೆ ಹೆಸ್ಕಾಂನವರು ಲೈನ್ ರಿಪೇರಿಗೆಂದು ಕರೆಂಟ್ ತೆಗೆಯುತ್ತಾರೆ. ಹನ್ನೊಂದೂವರೆಗೆ ಮತ್ತೆ ಬರುತ್ತದೆ. ಫ್ಯಾನ್ ತಿರುಗುತ್ತದೆ, ಫ್ರಿಜ್ ಶುರುವಾಗುತ್ತದೆ. ಕಂಪ್ಯೂಟರ್ ಮಾತ್ರ ಯಾರಾದರೂ ಬಟನ್ ಒತ್ತಲಿ ಎಂದು ಕಾಯುತ್ತಾ ಕೂತಿರುತ್ತದೆ. ಮನೆಯಲ್ಲಿ ಯಾರೂ ಇಲ್ಲ. ಅಲ್ಲಿಗೆ ಆ ದಿನದ ಕೆಲಸ ಮುಗಿದಂತೆ.

ಇದಕ್ಕೆ ಪರಿಹಾರ ಬಯೋಸ್‌ನಲ್ಲೇ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಇದೆ, ಒಂದು ರೂಪಾಯಿ ಖರ್ಚಿಲ್ಲ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಪವರ್ ವಿಭಾಗದಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ 'ಎಸಿ ಬ್ಯಾಕ್' ಎಂಬಂಥ ಹೆಸರಿನ ಆಯ್ಕೆ ಇರುತ್ತದೆ. ಬೋರ್ಡ್ ಕಂಪನಿಗೆ ತಕ್ಕಂತೆ ಹೆಸರು ಸ್ವಲ್ಪ ಬದಲಾಗುತ್ತದೆ. ಅದನ್ನು 'ಪವರ್ ಆನ್' ಮಾಡಿ, ಉಳಿಸಿ ಹೊರಬನ್ನಿ. ಇನ್ನು ಮುಂದೆ ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಎದ್ದು ಕೂರುತ್ತದೆ.

ಇದು ಆದ ಮೇಲೆ ಒಂದು ಸ್ಮಾರ್ಟ್ ಪ್ಲಗ್ ಹಾಕಿಕೊಂಡರೆ ಇನ್ನೊಂದು ಅನುಕೂಲ. ಕಂಪ್ಯೂಟರ್ ಪೂರ್ತಿ ಹ್ಯಾಂಗ್ ಆದಾಗ ಫೋನಿನಿಂದಲೇ ಪ್ಲಗ್ ಆರಿಸಿ, ಸ್ವಲ್ಪ ಬಿಟ್ಟು ಹಚ್ಚಿದರೆ ಯಂತ್ರ ಹೊಸದಾಗಿ ಶುರುವಾಗುತ್ತದೆ. ದಿನಾ ಮಾಡುವ ಕೆಲಸವಲ್ಲ, ಡಿಸ್ಕಿಗೆ ಒಳ್ಳೆಯದೂ ಅಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ. ಮತ್ತೆ ಈ ಪ್ಲಗ್ ಕೂಡ ಮನೆಯ ವೈ-ಫೈ ನೆಚ್ಚಿಕೊಂಡಿದೆ ಅನ್ನೋದು ನೆನಪಿರಲಿ.

ವೇಕ್-ಆನ್-ಲ್ಯಾನ್ ಎಂಬ ವಿದ್ಯೆಯ ಬಗ್ಗೆಯೂ ಕೇಳಿರಬಹುದು. ಮಲಗಿರುವ ಕಂಪ್ಯೂಟರನ್ನು ನೆಟ್‌ವರ್ಕ್ ಕೇಬಲ್ ಮೂಲಕ ಎಬ್ಬಿಸುವುದು. ಕೆಲಸ ಮಾಡುತ್ತದೆ, ಆದರೆ ಎಬ್ಬಿಸುವ ಸಂದೇಶ ಕಳಿಸಲು ಮನೆಯೊಳಗೇ ಇನ್ನೊಂದು ಯಂತ್ರ ಎಚ್ಚರ ಇರಬೇಕು. ವೈ-ಫೈ ಮೇಲೆ ನಡೆಯುವುದು ಅಪರೂಪ. ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಅದಕ್ಕಿಂತ ಸ್ಲೀಪ್ ಬಂದ್ ಮಾಡಿಬಿಡುವುದು ಸುಲಭ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ 'ನೆವರ್' ಇರಲಿ. ಮಾನಿಟರ್ ಬೇಕಿದ್ದರೆ ಆರಲಿ.

ಹಾಗೆ ಮಾಡಿದರೆ ಬಿಲ್? ಸುಮ್ನೆ ಕೂತ ಡೆಸ್ಕ್‌ಟಾಪ್ 50 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 1.2 ಯುನಿಟ್, ತಿಂಗಳಿಗೆ 36 ಯುನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಇದು ಸಣ್ಣ ಲೆಕ್ಕವಲ್ಲ. ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚಾದ ಯುನಿಟ್ಟಿಗೆ ದುಡ್ಡು ಕಟ್ಟಬೇಕು. 200 ಯುನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಕೂಲರ್ ಓಡುವಾಗ 170-180ರ ಹತ್ತಿರ ಬರುವ ಮನೆಯಾದರೆ ಈ 36 ಯುನಿಟ್ ನಿಮ್ಮನ್ನು ಆಚೆ ದಾಟಿಸಿಬಿಡುತ್ತದೆ. ಅಂಥವರಿಗೆ ಹಳೆಯ ಲ್ಯಾಪ್‌ಟಾಪ್ ಒಳ್ಳೆಯದು. ಅದು ತಿನ್ನುವ ಕರೆಂಟ್ ಬಹಳ ಕಡಿಮೆ. ಬ್ಯಾಟರಿ ಸ್ವಲ್ಪ ಉಳಿದಿದ್ದರೂ ಸಣ್ಣಪುಟ್ಟ ಕಡಿತ ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಚ್ಚಳ ಹಾಕಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿಡಿ, ಅಷ್ಟೇ.

ರೂಟರನ್ನು ಬಹಳ ಜನ ಮರೆಯುತ್ತಾರೆ. ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ರೂಟರ್ ಮಾತ್ರ ಹಾಲ್‌ನ ಸಾದಾ ಪ್ಲಗ್‌ನಲ್ಲಿ. ಕರೆಂಟ್ ಹೋದರೆ ಕಂಪ್ಯೂಟರ್ ಎಚ್ಚರ, ನೆಟ್ ಇಲ್ಲ. 12 ವೋಲ್ಟಿನ ಪುಟ್ಟ ಯುಪಿಎಸ್ ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಫೈಬರ್ ಡಬ್ಬಿ, ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಇಷ್ಟು ಮಾಡಿದ ಮೇಲೂ ಓಣಿಯ ಕೇಬಲ್ ಆಪರೇಟರನ ಡಬ್ಬಿಗೆ ಕರೆಂಟ್ ಇಲ್ಲದಿದ್ದರೆ ನಾವು ಮಾಡುವುದೇನೂ ಇಲ್ಲ ಬಿಡಿ.

ನೆಟ್: ನಿಮ್ಮ ಮನೆಗೆ ಸ್ವಂತ ವಿಳಾಸ ಇದೆಯಾ?

ಹೊರಗಿನಿಂದ ಮನೆಯ ಕಂಪ್ಯೂಟರ್ ತಲುಪಬೇಕಾದರೆ ಮನೆಗೆ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ ಬೇಕು. ಈಗಿನ ಬಹಳಷ್ಟು ಕನೆಕ್ಷನ್‌ಗಳಲ್ಲಿ ಅದು ಇಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿದುಹೋಗಿವೆ. ಅದಕ್ಕೇ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂಡಿಸುತ್ತವೆ. ದೊಡ್ಡ ವಾಡೆಗೆ ಒಂದೇ ಅಂಚೆ ಡಬ್ಬಿ ಇದ್ದ ಹಾಗೆ. ಕಾಗದ ವಾಡೆಯ ತನಕ ಬರುತ್ತದೆ, ನಿಮ್ಮ ಕೋಣೆಗೆ ಬರುವುದಿಲ್ಲ. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ.

ಪತ್ತೆ ಮಾಡುವುದು ಸುಲಭ. ರೂಟರಿನ ಪುಟ ತೆರೆದು ವ್ಯಾನ್ ಐಪಿ (ಹೊರಗಿನ ನೆಟ್ ಕಡೆಯ ವಿಳಾಸ) ಎಷ್ಟಿದೆ ನೋಡಿ. ಆಮೇಲೆ ಅದೇ ವೈ-ಫೈನಲ್ಲಿ ಗೂಗಲ್‌ನಲ್ಲಿ 'ನನ್ನ ಐಪಿ ಏನು' ಎಂದು ಹುಡುಕಿ. ಎರಡೂ ಒಂದೇ ಇದ್ದರೆ ಸ್ವಂತ ವಿಳಾಸ ಇದೆ. ರೂಟರಿನಲ್ಲಿ 100.64ರಿಂದ 100.127ರ ಒಳಗಿನ ಸಂಖ್ಯೆಯಿಂದ ಅಥವಾ 10ರಿಂದ ಶುರುವಾಗುವ ಸಂಖ್ಯೆ ಇದ್ದರೆ ನೀವು ವಾಡೆಯೊಳಗಿದ್ದೀರಿ. ಆಗ ಯೂಟ್ಯೂಬ್‌ನಲ್ಲಿ ತೋರಿಸುವ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ರೂಟರ್ ನಿಮ್ಮ ಕಂಪ್ಯೂಟರಿಗೆ ದಾಟಿಸುವ ಸೆಟ್ಟಿಂಗ್) ಎಷ್ಟು ಮಾಡಿದರೂ ನಡೆಯುವುದಿಲ್ಲ. ಕೆಲವು ಕಂಪನಿಗಳು ಹೆಚ್ಚಿನ ದುಡ್ಡಿಗೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಕೊಡುತ್ತವೆ. ಮನೆಬಳಕೆಗೆ ಅದರ ಅಗತ್ಯ ಇಲ್ಲ. ಮುಂದೆ ಹೇಳುವ ಎಲ್ಲ ದಾರಿಗಳೂ ಸಿಜಿ-ನ್ಯಾಟ್ ಇದ್ದರೂ ನಡೆಯುತ್ತವೆ, ಏಕೆಂದರೆ ಇವುಗಳಲ್ಲಿ ಮನೆಯ ಕಂಪ್ಯೂಟರೇ ಮೊದಲು ಹೊರಗೆ ಕರೆ ಮಾಡಿ ಕಾಯುತ್ತಿರುತ್ತದೆ.

ಇನ್ನೊಂದು ಮಾತು. ಪರದೆಯ ಚಿತ್ರ ಮನೆಯಿಂದ ಹೊರಗೆ ಬರಬೇಕಲ್ವಾ? ಹಾಗಾಗಿ ಇಲ್ಲಿ ಡೌನ್‌ಲೋಡ್‌ಗಿಂತ ಅಪ್‌ಲೋಡ್ ವೇಗ ಮುಖ್ಯ. ಫೈಬರ್ ಇದ್ದರೆ ಚಿಂತೆಯಿಲ್ಲ. ಮನೆಯಲ್ಲಿ ಬರೀ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ಪರದೆ ಎಳೆದಾಡುತ್ತದೆ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್

ಹತ್ತರಲ್ಲಿ ಆರೇಳು ಮನೆಗೆ ಇದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಪುಕ್ಕಟೆ. ಜಾಹೀರಾತಿಲ್ಲ. ವಿಂಡೋಸ್ ಹೋಮ್‌ನಲ್ಲೂ ನಡೆಯುತ್ತದೆ, ಮ್ಯಾಕ್, ಲಿನಕ್ಸ್‌ನಲ್ಲೂ ನಡೆಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ನಿಮ್ಮ ಗೂಗಲ್ ಖಾತೆಯಿಂದ ರಿಮೋಟ್ ಡೆಸ್ಕ್‌ಟಾಪ್ ಪುಟಕ್ಕೆ ಹೋಗಿ, ಅದು ಕೊಡುವ ಫೈಲ್ ಇನ್‌ಸ್ಟಾಲ್ ಮಾಡಿ, ಯಂತ್ರಕ್ಕೊಂದು ಹೆಸರಿಟ್ಟು, ಕನಿಷ್ಠ ಆರು ಅಂಕಿಯ ಪಿನ್ ಕೊಡುವುದು. ಅಷ್ಟೇ. ಹೊರಗಿನಿಂದ ಅದೇ ಖಾತೆಯಲ್ಲಿ ಅದೇ ಪುಟ ತೆರೆದರೆ ನಿಮ್ಮ ಕಂಪ್ಯೂಟರಿನ ಹೆಸರು ಕಾಣುತ್ತದೆ. ಚಿಗರಿ ಬಸ್ಸಿನಲ್ಲಿ ಕೂತು ಫೋನಿನಿಂದಲೂ ತೆರೆಯಬಹುದು. ಆದರೆ ಟ್ಯಾಲಿಯ ಸಾಲುಗಳನ್ನು ಫೋನಿನ ಪರದೆಯಲ್ಲಿ ಓದುವುದು ಕಣ್ಣಿಗೆ ಶಿಕ್ಷೆ.

ಇದು ವಿಂಡೋಸ್‌ನಲ್ಲಿ ಸರ್ವಿಸ್ ಆಗಿ ಓಡುತ್ತದೆ. ಅಂದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಲಾಗಿನ್ ಪರದೆಯಲ್ಲಿ ನಿಂತಿದ್ದರೂ ನೀವು ಒಳಗೆ ಹೋಗಿ ಪಾಸ್‌ವರ್ಡ್ ಹೊಡೆಯಬಹುದು. ಕರೆಂಟ್ ಹೋಗಿ ಬರುವ ಊರಿನಲ್ಲಿ ಈ ಒಂದು ಗುಣಕ್ಕೆ ಬಹಳ ಬೆಲೆ.

ಕೊರತೆ ಏನು? ನೀವು ಹೊರಗಿನಿಂದ ಮಾಡುವುದೆಲ್ಲ ಮನೆಯ ಮಾನಿಟರಿನಲ್ಲೂ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದಿದ್ದೀರಿ, ಹಾಲ್‌ಗೆ ಬಂದ ಪಕ್ಕದ ಮನೆಯವರೂ ಓದುತ್ತಿದ್ದಾರೆ! ಮಾನಿಟರಿನ ಬಟನ್ ಆರಿಸಿಟ್ಟು ಹೊರಡುವುದು ಒಳ್ಳೆಯದು. ಕೆಲವು ಗ್ರಾಫಿಕ್ಸ್ ಕಾರ್ಡುಗಳು ಮಾನಿಟರ್ ಆರಿದ ಕೂಡಲೇ ಪರದೆಯನ್ನು ಸಣ್ಣದಾಗಿಸಿಬಿಡುತ್ತವೆ. ಆಗ ಮಾನಿಟರ್ ಇದೆ ಎಂದು ಕಂಪ್ಯೂಟರನ್ನು ನಂಬಿಸುವ ಎಚ್‌ಡಿಎಂಐ ಡಮ್ಮಿ ಪ್ಲಗ್ ಎಂಬ ಅಗ್ಗದ ಸಾಮಾನು ಹಿಂದೆ ಚುಚ್ಚಿದರೆ ಸರಿಹೋಗುತ್ತದೆ. ಇನ್ನೊಂದು ಅಪಾಯ, ನಿಮ್ಮ ಗೂಗಲ್ ಖಾತೆಯೇ ಈಗ ಮನೆಯ ಬೀಗದ ಕೈ. ಎರಡು ಹಂತದ ಪರಿಶೀಲನೆ ಹಾಕದೆ ಇದನ್ನು ಶುರು ಮಾಡಲೇಬೇಡಿ.

ಕನ್ನಡ ಟೈಪಿಂಗ್ ಬಗ್ಗೆ ಕೇಳುವವರು ಬಹಳ. ನುಡಿಯನ್ನು ಮನೆಯ ಕಂಪ್ಯೂಟರಿನಲ್ಲಿ ಚಾಲೂ ಮಾಡಿ, ನಿಮ್ಮ ಕೈಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಬಿಡಿ. ಎರಡೂ ಕಡೆ ಕನ್ನಡ ಹಚ್ಚಿದರೆ ಅಕ್ಷರ ಕಲಸುಮೇಲೋಗರವಾಗುತ್ತದೆ.

ಎನಿಡೆಸ್ಕ್, ಟೀಮ್‌ವ್ಯೂಅರ್

ಹೆಸರು ಎಲ್ಲರಿಗೂ ಗೊತ್ತು. ಎರಡೂ ಜರ್ಮನಿಯವು. ಟೀಮ್‌ವ್ಯೂಅರ್ ಶುರುವಾದದ್ದು 2005ರಲ್ಲಿ, ಎನಿಡೆಸ್ಕ್ 2014ರಲ್ಲಿ. ಕೆಲಸದಲ್ಲಿ ಇವು ಚುರುಕು. ಫೈಲ್ ಕಳಿಸುವುದು, ಪ್ರಿಂಟ್ ತೆಗೆಯುವುದು ಕ್ರೋಮ್‌ಗಿಂತ ನೀಟಾಗಿದೆ. ನಿಧಾನದ ನೆಟ್‌ನಲ್ಲಿ ಎನಿಡೆಸ್ಕ್ ಹೇಗೋ ತೆವಳಿಕೊಂಡಾದರೂ ಹೋಗುತ್ತದೆ.

ಆದರೆ ಪುಕ್ಕಟೆ ಇರುವುದು ಸ್ವಂತ ಬಳಕೆಗೆ ಮಾತ್ರ. ಅಂಗಡಿಯ ಲೆಕ್ಕ, ಗಿರಾಕಿಯ ಕಂಪ್ಯೂಟರ್ ರಿಪೇರಿ ಎಂದು ದಿನಾ ಬಳಸತೊಡಗಿದರೆ ಅವುಗಳಿಗೆ ಅನುಮಾನ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತಿಗೇ ಕನೆಕ್ಷನ್ ಕಡಿಯುತ್ತದೆ, ಲೈಸೆನ್ಸ್ ಕೊಳ್ಳಿ ಎಂಬ ಸೂಚನೆ ಬರುತ್ತದೆ. ಅದು ಅವರ ನಿಯಮ, ತಪ್ಪೇನಿಲ್ಲ. ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ ಹಾಗಾದರೆ ಮಾತ್ರ ತಲೆ ಕೆಡುತ್ತದೆ. ವ್ಯಾಪಾರಕ್ಕೆ ಇವೇ ಬೇಕೆಂದರೆ ಮೊದಲೇ ದುಡ್ಡು ಕೊಟ್ಟು ತಗೊಳ್ಳಿ.

2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರುಗಳಿಗೆ ಕನ್ನ ಬಿದ್ದದ್ದನ್ನು ತಾನೇ ಹೇಳಿಕೊಂಡಿತು, ಹಳೆಯ ಭದ್ರತಾ ಸರ್ಟಿಫಿಕೇಟುಗಳನ್ನು (ಆ್ಯಪ್ ಅಸಲಿ ಎಂದು ತೋರಿಸುವ ಗುರುತು) ರದ್ದು ಮಾಡಿತು. ಹಾಗಾಗಿ ಯಾವಾಗಲೋ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡ ಹಳೆಯ ಎನಿಡೆಸ್ಕ್ ಫೈಲನ್ನು ಇನ್ನೂ ಹಂಚುತ್ತಿರುವವರು ಅದನ್ನು ಅಳಿಸಿ ಹೊಸದನ್ನು ಇಳಿಸಿಕೊಳ್ಳಲಿ.

ಇವುಗಳನ್ನು ಇಟ್ಟುಕೊಳ್ಳುವುದಾದರೆ, ಯಾರೂ ಇಲ್ಲದಾಗ ತೆರೆಯಲು ಕೊಡುವ ಪಾಸ್‌ವರ್ಡ್ ಉದ್ದವಾಗಿರಲಿ. ಮನೆಯ ಹೆಸರು, ಮಗುವಿನ ಹುಟ್ಟಿದ ದಿನ ಬೇಡ.

ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್, ಜೊತೆಗೆ ಟೇಲ್‌ಸ್ಕೇಲ್

ದಿನಾ ಗಂಟೆಗಟ್ಟಲೆ ಕೆಲಸ ಮಾಡುವವರಿಗೆ ನಾನು ಹೇಳುವುದು ಈ ಜೋಡಿ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಷ್ಟು ನುಣುಪಾಗಿ ಬೇರೆ ಯಾವುದೂ ಓಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಅಳತೆಗೆ ಪರದೆ ತಾನೇ ಹೊಂದಿಕೊಳ್ಳುತ್ತದೆ. ಅಕ್ಷರ ಮಸುಕಾಗುವುದಿಲ್ಲ. ನಿಮ್ಮ ಹತ್ತಿರದ ಪ್ರಿಂಟರಿನಲ್ಲೇ ಪ್ರಿಂಟ್ ಬರುತ್ತದೆ. ಮನೆಯ ಮಾನಿಟರಿನಲ್ಲಿ ಬರೀ ಲಾಕ್ ಪರದೆ ಕಾಣುತ್ತದೆ, ಹಾಗಾಗಿ ಯಾರೂ ಇಣುಕುವಂತಿಲ್ಲ. ಮಗ ಅದರಲ್ಲಿ ಆಟ ಆಡುತ್ತಿದ್ದರೆ ಅವನನ್ನು ಹೊರಗೆ ಹಾಕುತ್ತದೆ ಅನ್ನೋದು ಅನುಕೂಲವೋ ಅನನುಕೂಲವೋ ನಿಮ್ಮ ಮನೆಗೆ ಬಿಟ್ಟದ್ದು.

ತೊಡಕು ಮೊದಲ ಹೆಜ್ಜೆಯಲ್ಲೇ ಇದೆ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿ ಬೇರೆ ಯಂತ್ರಕ್ಕೆ ಹೋಗಬಲ್ಲದು, ಆದರೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಗಡಿಯಿಂದ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಇರುತ್ತದೆ. ಹೋಮ್‌ನಲ್ಲೂ ನಡೆಸುವ ಕಳ್ಳದಾರಿಯ ತಂತ್ರಾಂಶಗಳಿವೆ. ಆ್ಯಂಟಿವೈರಸ್ ಅವನ್ನು ಹಿಡಿಯುತ್ತದೆ, ವಿಂಡೋಸ್ ಅಪ್‌ಡೇಟ್ ಬಂದರೆ ಮುರಿದು ಬೀಳುತ್ತವೆ. ಬೇಡ. ಮತ್ತೆ, ನಾಲ್ಕಂಕಿಯ ಪಿನ್‌ನಿಂದ ಲಾಗಿನ್ ಆಗುವ ರೂಢಿಯಿರುವವರು ಗಮನಿಸಿ: ಇಲ್ಲಿ ಪಿನ್ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಗೂ ಪ್ರವೇಶವಿಲ್ಲ.

ಎರಡನೆಯ ತೊಡಕು ಭದ್ರತೆ. ಇದು 3389 ಎಂಬ ಪೋರ್ಟಿನಲ್ಲಿ (ಬಾಗಿಲಿನ ಸಂಖ್ಯೆ ಇದ್ದ ಹಾಗೆ) ಕಾಯುತ್ತದೆ. ಸ್ವಂತ ಐಪಿ ಇದೆ ಎಂದು ರೂಟರಿನಲ್ಲಿ ಆ ಪೋರ್ಟ್ ನೇರ ತೆರೆದಿಟ್ಟರೆ ಜಗತ್ತಿನ ಮೂಲೆಮೂಲೆಯಿಂದ ಬಾಟ್‌ಗಳು (ತಾವೇ ಓಡುವ ಪ್ರೋಗ್ರಾಮುಗಳು) ಬಂದು ಪಾಸ್‌ವರ್ಡ್ ಊಹಿಸತೊಡಗುತ್ತವೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಅದು ಎಷ್ಟು ಗಂಭೀರವಾಗಿತ್ತೆಂದರೆ, ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇರುವವರಂತೂ 3389 ತೆರೆಯುವ ಯೋಚನೆಯನ್ನೇ ಬಿಟ್ಟುಬಿಡಿ.

ಇಲ್ಲಿಗೇ ಟೇಲ್‌ಸ್ಕೇಲ್ ಬರುವುದು. ಎರಡೂ ಕಂಪ್ಯೂಟರಿನಲ್ಲಿ ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆದರೆ ಅವೆರಡೂ ಒಂದೇ ಮನೆಯ ನೆಟ್‌ವರ್ಕಿನಲ್ಲಿರುವ ಹಾಗೆ ವರ್ತಿಸುತ್ತವೆ. ಪ್ರತಿಯೊಂದಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆ ವಿಳಾಸ ಕೊಟ್ಟರಾಯಿತು. ಹೊರಗಿನವರಿಗೆ ಬಾಗಿಲು ಕಾಣುವುದೇ ಇಲ್ಲ. ಒಳಗೆ ಓಡುವುದು ವೈರ್‌ಗಾರ್ಡ್ ಎಂಬ ವಿಪಿಎನ್ (ನೆಟ್ ಒಳಗಿನ ಗುಪ್ತ ಸುರಂಗದಂಥ) ವಿಧಾನ. ಮೊದಲು ನೇರ ದಾರಿ ಹುಡುಕುತ್ತದೆ, ಸಿಗದಿದ್ದರೆ ಕಂಪನಿಯ ರಿಲೇ ಮೂಲಕ ಹೋಗುತ್ತದೆ. ಆಗ ಸ್ವಲ್ಪ ನಿಧಾನ. ಮನೆಬಳಕೆಗೆ ಪುಕ್ಕಟೆ ಯೋಜನೆ ಇದೆ.

ಟೇಲ್‌ಸ್ಕೇಲ್ ಹಾಕಿದವರು ಎರಡು ಸೆಟ್ಟಿಂಗ್ ಬದಲಿಸಲೇಬೇಕು. ವಿಂಡೋಸ್‌ನಲ್ಲಿ 'ರನ್ ಅನ್ಅಟೆಂಡೆಡ್' ಆಯ್ಕೆ ಹಚ್ಚಿ. ಇಲ್ಲದಿದ್ದರೆ ರೀಸ್ಟಾರ್ಟ್ ಆದ ಯಂತ್ರಕ್ಕೆ ಯಾರಾದರೂ ಲಾಗಿನ್ ಆಗುವ ತನಕ ಅದು ಎಚ್ಚರಗೊಳ್ಳುವುದಿಲ್ಲ. ಇನ್ನೊಂದು, ಟೇಲ್‌ಸ್ಕೇಲ್ ಪ್ರತಿ ಯಂತ್ರಕ್ಕೂ ಕೊಡುವ ಗುರುತಿನ ಕೀಲಿಗೆ ಸಾಮಾನ್ಯವಾಗಿ 180 ದಿನದ ಆಯಸ್ಸು. ಅದು ಮುಗಿದ ದಿನ ಮನೆಯ ಕಂಪ್ಯೂಟರ್ ಸದ್ದಿಲ್ಲದೆ ಹೊರಗೆ ಬೀಳುತ್ತದೆ. ನೀವು ನೆಟ್ ಕೆಟ್ಟಿದೆ ಎಂದು ಆಪರೇಟರನನ್ನು ಬಯ್ಯುತ್ತಿರುತ್ತೀರಿ. ವೆಬ್‌ಪುಟದ ಯಂತ್ರಗಳ ಪಟ್ಟಿಯಲ್ಲಿ ಆ ಒಂದು ಕಂಪ್ಯೂಟರಿಗೆ ಕೀಲಿಯ ಅವಧಿ ಮುಗಿಯದಂತೆ ಮಾಡಿಬಿಡಿ.

ಈಗ ತೆರಿಗೆ ಸಲಹೆಗಾರರಿಗೆ ಮಾತ್ರ ತಗಲುವ ಒಂದು ವಿಷಯ, ಆದರೆ ಹುಬ್ಬಳ್ಳಿಯಲ್ಲಿ ಅಂಥವರು ಜಾಸ್ತಿ ಇರುವುದರಿಂದ ಬಿಡಿಸಿ ಹೇಳಬೇಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮನೆಯ ಕಂಪ್ಯೂಟರಿಗೆ ಚುಚ್ಚಿರುತ್ತದೆ. ನೀವು ಆಫೀಸಿನಿಂದ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಹೋಗಿ ಸಹಿ ಮಾಡಲು ನೋಡಿದರೆ 'ಟೋಕನ್ ಇಲ್ಲ' ಅನ್ನುತ್ತದೆ. ಆಗ ಮನೆಗೆ ಫೋನ್:

"ತಮ್ಮಾ, ಆ ಪೆನ್‌ಡ್ರೈವ್ ಥರದ್ದು ಹಚ್ಚೇತೇನ ನೋಡ ಸ್ವಲ್ಪ."

"ಹಚ್ಚೇತಿ ಅಪ್ಪಾ, ಲೈಟ್ ಸುದ್ದಾ ಹತ್ತೇತಿ."

ಹುಡುಗ ಹೇಳಿದ್ದು ಸರಿ. ಟೋಕನ್ ಇದೆ, ಆದರೆ ಈ ವಿಧಾನದಲ್ಲಿ ವಿಂಡೋಸ್ ಸ್ಮಾರ್ಟ್‌ಕಾರ್ಡನ್ನು (ಈ ಟೋಕನ್ ಕೂಡ ಅದೇ ಜಾತಿ) ಹುಡುಕುವುದು ನಿಮ್ಮ ಮುಂದಿರುವ ಯಂತ್ರದಲ್ಲಿ, ಮನೆಯದರಲ್ಲಲ್ಲ. ಟೋಕನ್ ನಿಮ್ಮ ಜೊತೆಗೇ ಇಟ್ಟುಕೊಂಡು ಈ ಕಡೆಯ ಲ್ಯಾಪ್‌ಟಾಪಿಗೆ ಚುಚ್ಚಿದರೆ ಕಾಣುತ್ತದೆ. ಟೋಕನ್ ಮನೆಯಲ್ಲೇ ಇರಬೇಕೆಂದರೆ ಕ್ರೋಮ್ ಅಥವಾ ಎನಿಡೆಸ್ಕ್ ಬಳಸಿ. ಅವು ಮನೆಯ ಪರದೆಯನ್ನೇ ತೋರಿಸುವುದರಿಂದ ಈ ಗೊಂದಲ ಬರುವುದಿಲ್ಲ. ಹಾಗಂತ ಸಹಿಯ ಟೋಕನ್ ಹಗಲು-ರಾತ್ರಿ ಚುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಅದು ನಿಮ್ಮ ಸಹಿ. ಜೇಬಿನಲ್ಲಿರಲಿ.

ರಸ್ಟ್‌ಡೆಸ್ಕ್ ಮತ್ತು ಉಳಿದವು

ರಸ್ಟ್‌ಡೆಸ್ಕ್ ನೋಡಲು ಎನಿಡೆಸ್ಕ್ ಥರವೇ, ಆದರೆ ಮುಕ್ತ ತಂತ್ರಾಂಶ. ಬೇಕೆಂದರೆ ನಿಮ್ಮದೇ ಸರ್ವರ್ ಇಟ್ಟುಕೊಂಡು ನಡೆಸಬಹುದು. ವಿಂಡೋಸ್ ಹೋಮ್ ಇರುವವರು ಟೇಲ್‌ಸ್ಕೇಲ್ ಜೊತೆ ರಸ್ಟ್‌ಡೆಸ್ಕ್ ಸೇರಿಸಿ, ಅದರಲ್ಲಿ ನೇರ ಐಪಿ ಪ್ರವೇಶ ಹಚ್ಚಿಕೊಂಡರೆ ಮೂರನೆಯವರ ಸರ್ವರ್ ನೆಚ್ಚದೆ ಕೆಲಸ ನಡೆಯುತ್ತದೆ. ಸ್ವಲ್ಪ ಕೈಯಾಡಿಸುವ ಹುಮ್ಮಸ್ಸು ಇರುವವರಿಗೆ ಇದು ಚೆಂದ. ಉಳಿದವರಿಗೆ ಹೇಳುವುದಿಲ್ಲ.

ಲಿನಕ್ಸ್ ಬಳಸುವ ಎಂಜಿನಿಯರಿಂಗ್ ಹುಡುಗರಿಗೆ ಎಸ್‌ಎಸ್‌ಎಚ್ ಗೊತ್ತೇ ಇರುತ್ತದೆ. ಅದನ್ನೂ ಟೇಲ್‌ಸ್ಕೇಲ್ ಒಳಗಿಂದಲೇ ಬಳಸಿ, ಪಾಸ್‌ವರ್ಡ್ ಬದಲು ಕೀ ಇಡಿ. ಮ್ಯಾಕ್‌ನಲ್ಲಿ ಸ್ಕ್ರೀನ್ ಶೇರಿಂಗ್ ಜೊತೆಗೇ ಬರುತ್ತದೆ.

ಹಾವೇರಿಯ ಅಪ್ಪನಿಗೆ ಬೆಂಗಳೂರಿನ ಮಗಳು ಸಹಾಯ ಮಾಡುವ ವಿಷಯ ಇವೆಲ್ಲಕ್ಕಿಂತ ಬೇರೆ. ಅಲ್ಲಿ ಆ ತುದಿಯಲ್ಲಿ ಒಬ್ಬರು ಕೂತಿರುತ್ತಾರೆ. ಹಾಗಾಗಿ ಸದಾ ತೆರೆದಿರುವ ಬಾಗಿಲು ಬೇಕಿಲ್ಲ. ವಿಂಡೋಸ್ 10, 11ರಲ್ಲಿ ಕ್ವಿಕ್ ಅಸಿಸ್ಟ್ ಎಂಬುದು ಇದಕ್ಕೆಂದೇ ಇದೆ. ಮಗಳು ತನ್ನ ಮೈಕ್ರೋಸಾಫ್ಟ್ ಖಾತೆಯಿಂದ ಒಂದು ಕೋಡ್ ತೆಗೆದು ಫೋನಿನಲ್ಲಿ ಹೇಳಬೇಕು. ಅಪ್ಪ ಅದನ್ನು ಹೊಡೆದು 'ಅನುಮತಿ' ಒತ್ತಬೇಕು. ಕೋಡ್ ಸ್ವಲ್ಪ ಹೊತ್ತಿಗೇ ಸಾಯುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚುತ್ತದೆ. ವಯಸ್ಸಾದವರ ಕಂಪ್ಯೂಟರಿನಲ್ಲಿ ಎನಿಡೆಸ್ಕ್ ಖಾಯಂ ಇಡುವುದಕ್ಕಿಂತ ಇದು ಎಷ್ಟೋ ವಾಸಿ.

ಯಾಕೆ ವಾಸಿ ಎಂದರೆ

2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆ್ಯಪ್ ಕೆಟ್ಟದ್ದೆಂದಲ್ಲ. ವಂಚಕರು ಅದನ್ನು ಜನರ ಫೋನಿಗೆ ಹಾಕಿಸಿ ಯುಪಿಐ ಮೂಲಕ ದುಡ್ಡು ಎಳೆಯುತ್ತಿದ್ದರು. ಆಟ ಈಗಲೂ ನಡೆಯುತ್ತಿದೆ. 'ನಿಮ್ಮ ಬಿಲ್ ಬಾಕಿ ಇದೆ, ರಾತ್ರಿ 9:30ಕ್ಕೆ ಕರೆಂಟ್ ಕಟ್' ಎಂಬ ಮೆಸೇಜು ಎಷ್ಟೋ ಜನರ ಫೋನಿಗೆ ಬಂದಿದೆ. ಆ ನಂಬರಿಗೆ ಫೋನ್ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡುವವನೊಬ್ಬ ಒಂದು ಆ್ಯಪ್ ಹಾಕಿಸಿ, ಪರದೆಯ ಮೇಲಿನ ನಂಬರ್ ಓದಿ ಹೇಳಿ ಅನ್ನುತ್ತಾನೆ. ಹೆಸ್ಕಾಂಗೆ, ಬ್ಯಾಂಕಿಗೆ, ಯಾರಿಗೂ ಬಿಲ್ ವಸೂಲಿಗೆ ನಿಮ್ಮ ಪರದೆ ಬೇಕಿಲ್ಲ.

ಮನೆಯವರಿಗೆ ಒಂದೇ ನಿಯಮ ಹೇಳಿಡಿ: ನಾವಾಗಿ ಫೋನ್ ಮಾಡಿ ಕರೆದವರಿಗೆ ಮಾತ್ರ ಕೋಡ್. ತಾವಾಗಿ ಫೋನ್ ಮಾಡಿದವರಿಗೆ, ಯಾರೇ ಆಗಲಿ, ಕೊಡುವುದಿಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ಮೊದಲು ನೆಟ್ ಕಡಿದು ಆಮೇಲೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಊರು ಬಿಡುವ ಮುಂಚೆ

ಎಲ್ಲ ಹಾಕಿಯಾದ ಮೇಲೆ ಮನೆಯ ವೈ-ಫೈನಲ್ಲೇ ಕೂತು ಪರೀಕ್ಷೆ ಮಾಡಿ 'ಆಯ್ತು' ಅಂದುಕೊಳ್ಳಬೇಡಿ. ಒಂದೇ ನೆಟ್‌ವರ್ಕಿನೊಳಗೆ ಎಲ್ಲವೂ ನಡೆಯುತ್ತದೆ. ಫೋನಿನ ವೈ-ಫೈ ಬಂದ್ ಮಾಡಿ, ಮೊಬೈಲ್ ಡೇಟಾದಿಂದ ಒಳಗೆ ಹೋಗಿ ನೋಡಿ. ಹೋದ ಮೇಲೆ ಅಲ್ಲಿಂದಲೇ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಎರಡು-ಮೂರು ನಿಮಿಷ ಬಿಟ್ಟು ಮತ್ತೆ ಒಳಗೆ ಹೋಗಲು ಬಂತಾ? ಆಮೇಲೆ ತೆರೆದ ಕೆಲಸವೆಲ್ಲ ಉಳಿಸಿ, ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ. ಬಟನ್ ಮುಟ್ಟದೆ ಅದು ತಾನೇ ಎದ್ದರೆ ಬಯೋಸ್ ಕೆಲಸ ಸರಿಯಾಗಿದೆ. ವಿಂಡೋಸ್ ಅಪ್‌ಡೇಟ್‌ನ 'ಆ್ಯಕ್ಟಿವ್ ಅವರ್ಸ್' ನಿಮ್ಮ ಕೆಲಸದ ಹೊತ್ತಿಗೆ ಹೊಂದಿಸಿಡಿ, ಇಲ್ಲದಿದ್ದರೆ ಜಿಎಸ್‌ಟಿ ತುಂಬುವ ನಡುವೆಯೇ ಅದು ರೀಸ್ಟಾರ್ಟ್‌ಗೆ ಹೊರಡುತ್ತದೆ.

ಸಾಧ್ಯವಿದ್ದರೆ ಎರಡು ದಾರಿ ಇಟ್ಟುಕೊಳ್ಳಿ. ಟೇಲ್‌ಸ್ಕೇಲ್ ಮುಖ್ಯ, ಕ್ರೋಮ್ ಜೋಡಿಗೆ. ಒಂದರ ಲಾಗಿನ್ ಕೆಟ್ಟರೆ ಇನ್ನೊಂದರಿಂದ ಒಳಗೆ ಹೋಗಿ ಸರಿಮಾಡಬಹುದು. ಮತ್ತೆ ರೂಟರ್ ಎಲ್ಲಿದೆ, ಅದರ ಸ್ವಿಚ್ ಯಾವುದು ಎಂದು ಮನೆಯಲ್ಲಿ ಒಬ್ಬರಿಗೆ, ಅಥವಾ ಬೀಗದ ಕೈ ಕೊಟ್ಟು ಬಂದ ಪಕ್ಕದ ಮನೆಯ ಕಾಕಾಗೆ, ತೋರಿಸಿಡಿ. ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸಿದರೆ ಫೋನಿನಲ್ಲಿ ಹೇಳುವುದು ಇನ್ನೂ ಸಲೀಸು.